ಹಿಮಸಾರಂಗದ ಮೇವು, ನಾಟಾದ ಲೆಕ್ಕ: ಉತ್ತರ ಸ್ವೀಡನ್ನಿನ ಕಾಡಿನಿಂದ ಕೆಲಸ ಹೋದದ್ದು ಹೇಗೆ?

ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ದೂರದ ನೆಂಟನೊಂದು ಉತ್ತರ ಸ್ವೀಡನ್ನಿನ ಪೈನ್ ಕಾಡುಗಳ ನೆಲಕ್ಕೆ ಹಾಸಿಕೊಂಡು ಬೆಳೆಯುತ್ತದೆ. ಬೂದುಬಿಳಿ ಬಣ್ಣ, ಸ್ಪಂಜಿನಂಥ ಕವಲು. ಒಣಗಿದಾಗ ಕಾಲಿಟ್ಟರೆ ಹಪ್ಪಳದಂತೆ ಪುಡಿಯಾಗುತ್ತದೆ, ಒದ್ದೆಯಾದಾಗ ಮೆತ್ತಗೆ ಹಿಗ್ಗುತ್ತದೆ. ಬೇರಿಲ್ಲ, ಹೂವಿಲ್ಲ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಇದನ್ನು ಹಿಮಸಾರಂಗ ಸಾಕುವ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಜೆಯಾಗಿಲ್ ಎನ್ನುತ್ತಾರೆ. ಸ್ವೀಡನ್ನಿನ ಸುಮಾರು 2.5 ಲಕ್ಷ ಹಿಮಸಾರಂಗಗಳು ಚಳಿಗಾಲ ಕಳೆಯುವುದು ಮುಖ್ಯವಾಗಿ ಇದನ್ನೇ ನಂಬಿ.

ಇದು ಹೇಗೆ ಸಿಗುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಇಡೀ ಜಗಳ ಅಲ್ಲಿಂದ ಹುಟ್ಟುತ್ತದೆ. ಹಿಮಸಾರಂಗ ಹಿಮದಡಿಯ ಕಲ್ಲುಹೂವಿನ ವಾಸನೆ ಹಿಡಿದು ಗೊರಸಿನಿಂದ ಹಿಮ ಕೆದರಿ ಮೇಯುತ್ತದೆ. ಹಿಮ ಹುಡಿಹುಡಿಯಾಗಿದ್ದರೆ ಆಳವಿದ್ದರೂ ತೊಂದರೆಯಿಲ್ಲ. ಆದರೆ ನಡುಚಳಿಯಲ್ಲಿ ಒಮ್ಮೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ನೆಲದ ಮೇಲೊಂದು ಮಂಜುಗಡ್ಡೆಯ ಪದರ ಕೂರುತ್ತದೆ. ಆಗ ಗೊರಸು ಸೋಲುತ್ತದೆ. ಅಂಥ ಹೊತ್ತಿನಲ್ಲಿ ಜೀವ ಉಳಿಸುವುದು ಲಾಹ್ಪು, ಅಂದರೆ ಹಳೆಯ ಸ್ಪ್ರೂಸ್ ಮತ್ತು ಪೈನ್ ಮರಗಳ ಕೊಂಬೆಗಳಿಂದ ಗಡ್ಡದಂತೆ ಇಳಿಬಿದ್ದಿರುವ ಇನ್ನೊಂದು ಬಗೆಯ ಕಲ್ಲುಹೂವು. ಅದು ಬೇಕಾದಷ್ಟು ತೂಗಬೇಕಾದರೆ ಮರಕ್ಕೆ ನೂರು ವರ್ಷವಾದರೂ ಆಗಿರಬೇಕು. ಇತ್ತೀಚಿನ ದಶಕಗಳಲ್ಲಿ ನಡುಚಳಿಯ ಮಳೆ ಹೆಚ್ಚಾಗುತ್ತಿದೆ. ಅಂದರೆ ಹಳೆಯ ಮರಗಳು ಹೆಚ್ಚು ಬೇಕಾದ ಹೊತ್ತಿಗೇ ಅವು ಕಡಿಮೆಯಾಗುತ್ತಿವೆ.

ಚೀಲದ ಮೇವು ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕುತ್ತಾರೆ, ಬೇರೆ ದಾರಿಯಿಲ್ಲದಾಗ. ಆದರೆ ಕಲ್ಲುಹೂವು ಜೀರ್ಣಿಸುತ್ತಿದ್ದ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಧಾನ್ಯದ ಗುಳಿಗೆ ಒಗ್ಗಲು ಸಮಯ ಬೇಕು. ಅವಸರದಲ್ಲಿ ತಿನ್ನಿಸಿದರೆ ಹೊಟ್ಟೆ ಹುಳಿಯಾಗಿ ಪ್ರಾಣಿ ಸಾಯುತ್ತದೆ. ಬೇಲಿಯೊಳಗೆ ಒತ್ತೊತ್ತಾಗಿ ನಿಲ್ಲಿಸಿದರೆ ಕಣ್ಣಿನ ಸೋಂಕು, ಬಾಯಿಹುಣ್ಣು ಹರಡುತ್ತವೆ. ಖರ್ಚಂತೂ ಇದ್ದೇ ಇದೆ. ಚೀಲದ ಮೇವು ಆಪತ್ತಿಗೆ ಆಗುವ ಉಪಾಯವೇ ಹೊರತು ಕಾಡಿನ ಮೇವಿಗೆ ಬದಲಿಯಲ್ಲ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ವೀಡನ್ನಿನ ರಾಷ್ಟ್ರೀಯ ಅರಣ್ಯ ಗಣತಿಯ ಅಂಕಿಗಳನ್ನು ಆಧರಿಸಿ, ನೆಲದ ಕಲ್ಲುಹೂವು ಸಮೃದ್ಧವಾಗಿರುವ ಕಾಡಿನ ವಿಸ್ತಾರ 60 ವರ್ಷಗಳಲ್ಲಿ ಶೇ. 71ರಷ್ಟು ಕುಗ್ಗಿದೆ ಎಂದು ತೋರಿಸಿತು. ಆ ಅಂಕಿಯ ಮೇಲೆ ಈಗಲೂ ವಾದ ನಡೆಯುತ್ತಿದೆ. ಕಾಡಿನ ಕಂಪನಿಗಳಿಂದ ಕಡಿತಕ್ಕೆ ಗುರುತು ಹಾಕಿದ ನಕ್ಷೆ ಬಂದಾಗ ಸಾಮಿಗಳು ಆಕ್ಷೇಪಿಸುತ್ತಾರೆ. ಆಗ ಎದುರಿನಿಂದ ಕೇಳಿಬರುವ ಮಾತು ಒಂದೇ: ಕಾಡು ಕಡಿಯದಿದ್ದರೆ ಹಳ್ಳಿಗಳಿಗೆ ಕೆಲಸವೆಲ್ಲಿ? ಹಿಮಸಾರಂಗವೋ ಉದ್ಯೋಗವೋ ಆರಿಸಿಕೊಳ್ಳಿ ಎಂಬ ಧಾಟಿ. ಈ ಧಾಟಿಯೇ ತಪ್ಪು. ನೋರ್‌ಲಾಂಡಿನ, ಅಂದರೆ ಉತ್ತರ ಸ್ವೀಡನ್ನಿನ, ಕಾಡಿನಿಂದ ಕೆಲಸ ಹೋದದ್ದು 1950ರಿಂದ 1990ರ ನಡುವೆ. ಅದನ್ನು ಕಸಿದದ್ದು ಹಿಮಸಾರಂಗವಲ್ಲ, ಸಂರಕ್ಷಿತ ಅರಣ್ಯವೂ ಅಲ್ಲ. ಕಲ್ಲುಹೂವನ್ನು ಅಳಿಸಿದ ಕ್ರಮವೂ ಕಾಡಾಳುಗಳನ್ನು ಮನೆಗೆ ಕಳಿಸಿದ ಕ್ರಮವೂ ಒಂದೇ ಬೇರಿನಿಂದ ಬಂದವು. ಅದಕ್ಕೇ ಈ ಕಾಡಿನ ದುಡಿಮೆಯ ಚರಿತ್ರೆ ಗೊತ್ತಿಲ್ಲದೆ ಈಗಿನ ಜಗಳ ಅರ್ಥವಾಗುವುದಿಲ್ಲ.

ಮರ ನಾಟಾ ಆಗುವ ಮೊದಲು

ಸ್ವೀಡನ್ನಿನ ಭೂಭಾಗದ ಸುಮಾರು ಶೇ. 70 ಕಾಡು. ಉತ್ತರದ ಅರ್ಧವೇ ನೋರ್‌ಲಾಂಡ್. ಅಲ್ಲಿ ಕಾಡಿನ ಮೊದಲ ಬೆಲೆ ನಾಟಾದ್ದಾಗಿರಲಿಲ್ಲ. ಸಾಮಿಗಳು ಬೇಸಿಗೆಯ ಆರಂಭದಲ್ಲಿ ಪೈನ್ ಮರದ ಒಳತೊಗಟೆ ಸುಲಿದು ಆಹಾರವಾಗಿ ಬಳಸುತ್ತಿದ್ದರು. ಸುಲಿಯುವ ಕ್ರಮದಲ್ಲೊಂದು ಶಿಸ್ತಿತ್ತು. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಆದ್ದರಿಂದ ಒಂದು ಮಗ್ಗುಲಲ್ಲಿ ಉದ್ದನೆಯ ಪಟ್ಟಿ ತೆಗೆದು ಉಳಿದದ್ದನ್ನು ಬಿಡುತ್ತಿದ್ದರು. ಗಾಯದ ಅಂಚು ವರ್ಷವರ್ಷವೂ ಒಳಮುಖವಾಗಿ ಬೆಳೆಯುತ್ತದೆ. ವಾರ್ಷಿಕ ಉಂಗುರಗಳನ್ನು ಎಣಿಸಿದರೆ ಯಾವ ವರ್ಷ ಸುಲಿದದ್ದೆಂದೂ ಹೇಳಬಹುದು. 19ನೇ ಶತಮಾನದ ಅರಣ್ಯಾಧಿಕಾರಿಗಳ ಕಣ್ಣಿಗೆ ಅದು ಮರಕ್ಕೆ ಮಾಡಿದ ಹಾನಿ. ಇಂದು ಸಂಶೋಧಕರಿಗೆ ಅದೇ ದಾಖಲೆ, ಏಕೆಂದರೆ ಇಲ್ಲಿ ಯಾರು, ಯಾವಾಗ ಬದುಕಿದ್ದರು ಎನ್ನುವುದಕ್ಕೆ ಕಾಗದವಿಲ್ಲದ ಕಡೆ ಮರವೇ ಸಾಕ್ಷಿ. ಹಳೆಯ ಕಾಡಿನ ಪ್ರತಿ ಕೂಪು, ಅಂದರೆ ಒಂದು ಸಲಕ್ಕೆ ಕಡಿಯುವ ತುಂಡು, ಕಡಿದಾಗಲೂ ಇಂಥ ಕೆಲವು ಸಾಕ್ಷಿಗಳು ಹೋಗುತ್ತವೆ.

ಕರಾವಳಿಯ ರೈತರು ಪೈನ್ ಬುಡದಿಂದ ಟಾರು ಇಳಿಸುತ್ತಿದ್ದರು. ಮರದ ಹಡಗುಗಳ ಕಾಲದಲ್ಲಿ ಅದಕ್ಕೆ ಯುರೋಪಿನ ತುಂಬ ಬೇಡಿಕೆಯಿತ್ತು. ನಾಟಾ ಮುಖ್ಯವಾದದ್ದು ಆಮೇಲೆ, ಬ್ರಿಟನ್ 1840ರ ದಶಕದಿಂದ ಮರದ ಆಮದು ಸುಂಕ ಇಳಿಸುತ್ತ ಬಂದು 1866ರಲ್ಲಿ ಅದನ್ನು ತೆಗೆದೇ ಹಾಕಿದಾಗ. 1849ರಲ್ಲಿ ಸುಂಡ್ಸ್‌ವಾಲ್ ಪಟ್ಟಣದ ಬಳಿಯ ತೂನಾದಾಲ್‌ನಲ್ಲಿ ಸ್ವೀಡನ್ನಿನ ಮೊದಲ ಹಬೆಯಂತ್ರದ ಗರಗಸ ಗಿರಣಿ ಶುರುವಾಯಿತು. ಅಲ್ಲಿಯವರೆಗೆ ಗಿರಣಿಗಳು ಜಲಪಾತ ಇರುವಲ್ಲಿ ಇರಬೇಕಿತ್ತು. ಹಬೆ ಬಂದ ಮೇಲೆ ನದಿ ಸಮುದ್ರ ಸೇರುವಲ್ಲೇ ಗಿರಣಿ, ಪಕ್ಕದಲ್ಲೇ ಹಡಗು.

ಕಾಡು ಮಾತ್ರ ನೂರಾರು ಕಿಲೋಮೀಟರ್ ಒಳಗಿತ್ತು. ಅದು ಯಾರದು ಎಂಬುದೂ ಇನ್ನೂ ತೀರ್ಮಾನವಾಗಿರಲಿಲ್ಲ. ಸರ್ಕಾರ ತನ್ನ ಕಾಡನ್ನೂ ರೈತರ ಕಾಡನ್ನೂ ಬೇರ್ಪಡಿಸುವ ಅಳತೆ ದಶಕಗಟ್ಟಲೆ ಎಳೆಯಿತು. ಅಳತೆಯಾಗಿ ಕಾಡು ಕೈಗೆ ಬಂದ ರೈತನ ಬಾಗಿಲಿಗೆ ಕಂಪನಿಯ ಆಳು ಬರುತ್ತಿದ್ದ. ನಗದಿನ ಮುಖ ಅಪರೂಪವಾಗಿದ್ದ ಊರುಗಳಲ್ಲಿ 50 ವರ್ಷಗಳ ಕಡಿತದ ಹಕ್ಕನ್ನು ಅಲ್ಪ ಮೊತ್ತಕ್ಕೆ ಬರೆಸಿಕೊಂಡದ್ದುಂಟು. ಊಮೆಯೊ ಬಳಿಯ ಬಾಗ್‌ಬೋಲೆ ಗಿರಣಿಯನ್ನು ನಡೆಸುತ್ತಿದ್ದದ್ದು ಗೋಥೆನ್‌ಬರ್ಗಿನ ಡಿಕ್ಸನ್ ಮನೆತನ. ಸರ್ಕಾರಿ ಕಾಡಿನಿಂದ ಅಕ್ರಮವಾಗಿ ಮರ ಸಾಗಿಸಿದ ಪ್ರಕರಣಗಳಿಂದ ಆ ಊರಿನ ಹೆಸರೇ ಸ್ವೀಡಿಷ್ ಭಾಷೆಯಲ್ಲಿ ಕಾಡುಗಳ್ಳತನಕ್ಕೆ ಪದವಾಯಿತು. 1846ರಲ್ಲಿ ಕಟ್ಟಿದ ಅಲ್ಲಿಯ ಬಂಗಲೆ ಇಂದಿಗೂ ಇದೆ. ಕಡಿತದ ಹಕ್ಕಿನ ಅವಧಿಯನ್ನು ಕಾನೂನು ಆಮೇಲೆ ಇಳಿಸಿತು. 1906ರಲ್ಲಿ ಕಂಪನಿಗಳು ನೋರ್‌ಲಾಂಡಿನ ರೈತರ ಭೂಮಿ ಕೊಳ್ಳುವುದನ್ನೇ ನಿಷೇಧಿಸಿತು. ಅಷ್ಟರಲ್ಲಿ ಬಹಳಷ್ಟು ಕಾಡು ಕೈ ಬದಲಾಯಿಸಿಯಾಗಿತ್ತು. ಇಂದು ಎಸ್‌ಸಿಎ ಕಂಪನಿಯೊಂದರ ಬಳಿಯೇ ಸುಮಾರು 26 ಲಕ್ಷ ಹೆಕ್ಟೇರ್ ಇದೆ. ಯುರೋಪಿನಲ್ಲಿ ಇಷ್ಟು ಕಾಡಿರುವ ಖಾಸಗಿ ಒಡೆಯ ಬೇರೊಬ್ಬನಿಲ್ಲ.

ಕೊಡಲಿ, ಕುದುರೆ, ಹೊಳೆ

ಕೆಲಸ ನಡೆಯುತ್ತಿದ್ದದ್ದು ಚಳಿಗಾಲದಲ್ಲಿ. ಕಾರಣ ಸರಳ: ಹಿಮವೇ ರಸ್ತೆ. ಒಂದು ಕುದುರೆ, ಅದರ ಒಡೆಯನಾದ ಸಾಗಣೆಗಾರ, ಕಡಿಯಲು ಇಬ್ಬರು. ಇದೇ ಒಂದು ತಂಡ. ಕಂಪನಿಯೊಂದಿಗೆ ದರ ಕುದುರಿಸುವವನು ಸಾಗಣೆಗಾರ. ಕಡಿಯುವವರಿಗೆ ಕೂಲಿ ಕೊಡುವವನೂ ಅವನೇ. ಮರ ಬೀಳಿಸುವ ಮುನ್ನ ಬುಡದ ಸುತ್ತ ಹಿಮ ತೋಡಬೇಕು, ಇಲ್ಲದಿದ್ದರೆ ಬೊಡ್ಡೆ ಎತ್ತರ ಉಳಿಯುತ್ತದೆ. ಎತ್ತರದ ಬೊಡ್ಡೆ ಎಂದರೆ ಕಂಪನಿಗೆ ನಷ್ಟ, ಆಳಿಗೆ ದಂಡ. ಕೊಂಬೆ ಸವರಿ, ಅಳತೆಗೆ ತುಂಡರಿಸಿ, ತೊಗಟೆ ಸುಲಿಯಬೇಕು. ತೊಗಟೆ ಸುಲಿದ ದಿಮ್ಮಿ ಬೇಗ ಒಣಗುತ್ತದೆ, ಆದ್ದರಿಂದ ಚೆನ್ನಾಗಿ ತೇಲುತ್ತದೆ. ಹೆಪ್ಪುಗಟ್ಟಿದ ತೊಗಟೆಯನ್ನು ಕೈಗುದ್ದಲಿಯಿಂದ ಕೆರೆಯುವ ಈ ಕೆಲಸವೇ ದಿನದ ದೊಡ್ಡ ಪಾಲನ್ನು ತಿನ್ನುತ್ತಿತ್ತು.

ಮುಖ್ಯ ಹಾದಿಗೆ ರಾತ್ರಿ ನೀರು ಸುರಿದು ಹೆಪ್ಪುಗಟ್ಟಿಸುತ್ತಿದ್ದರು. ಗಾಜಿನಂಥ ಆ ಹಾದಿಯ ಮೇಲೆ ಒಂದೇ ಕುದುರೆ ಭಾರೀ ಹೊರೆ ಎಳೆಯುತ್ತಿತ್ತು. ಅಪಾಯ ಇಳಿಜಾರಿನಲ್ಲಿ. ಹೊರೆ ಜಾರಿ ಕುದುರೆಯ ಮೇಲೇರದಂತೆ ಅಲ್ಲಿ ಮರಳೋ ಹುಲ್ಲೋ ಹರಡಬೇಕಿತ್ತು. ಎಷ್ಟು ಹರಡಬೇಕೆಂಬುದು ಅನುಭವದ ಮಾತು. ಹೆಚ್ಚಾದರೆ ಜಾರುಬಂಡಿ ನಿಂತೇಬಿಡುತ್ತದೆ, ಕಡಿಮೆಯಾದರೆ ಕುದುರೆಯ ಬೆನ್ನು ಮುರಿಯುತ್ತದೆ.

ವಾಸ ದಿಮ್ಮಿಯ ಗುಡಿಸಲಲ್ಲಿ. ನಡುವೆ ತೆರೆದ ಒಲೆ, ಚಾವಣಿಯಲ್ಲಿ ಹೊಗೆಗಿಂಡಿ, ಮಲಗಲು ಹಲಗೆಯ ಮೇಲೆ ಸ್ಪ್ರೂಸ್ ಸೊಪ್ಪು. ಹಳೆಯ ಗುಡಿಸಲುಗಳಲ್ಲಿ ಕುದುರೆಯೂ ಅದೇ ಸೂರಿನಡಿ. ಹಿಟ್ಟು, ನೀರು, ಉಪ್ಪು ಕಲಸಿ ಉಪ್ಪುಹಂದಿಯ ಕೊಬ್ಬಿನಲ್ಲಿ ಹುಯ್ದ ದಪ್ಪ ದೋಸೆಯಂಥ ಕೋಲ್‌ಬುಲ್ಲೆ ತಿಂದು ತಿಂಗಳುಗಟ್ಟಲೆ ಕಳೆಯುತ್ತಿದ್ದರು. ಅಡುಗೆಗೆಂದೇ ಹೆಂಗಸರನ್ನು ನೇಮಿಸುವ ರೂಢಿ ಹರಡಿದ ಮೇಲೆ ಊಟವೂ ಸುಧಾರಿಸಿತು, ಗುಡಿಸಲೂ ಸುಧಾರಿಸಿತು. ಆದರೆ ಈ ವ್ಯವಸ್ಥೆ ನಿಂತದ್ದು ಇನ್ನೊಂದು ಹೆಂಗಸಿನ ದುಡಿಮೆಯ ಮೇಲೆ. ಕಾಡಾಳುಗಳಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಎರಡು ಮೂರು ಹಸು, ಒಂದಿಷ್ಟು ಆಲೂಗಡ್ಡೆ, ಬಾರ್ಲಿ. ಗಂಡ ಕಾಡಿನಲ್ಲಿದ್ದ ತಿಂಗಳುಗಳಲ್ಲಿ ಆ ಹಿಡುವಳಿ ನಡೆಸಿದವಳು ಹೆಂಡತಿ. ಮನೆಯ ಹಾಲು ಬೆಣ್ಣೆ ಇದ್ದದ್ದರಿಂದಲೇ ಕಂಪನಿ ಕಡಿಮೆ ಕೂಲಿಗೆ ಆಳು ಪಡೆಯಿತು. ನಾಟಾದ ಯಾವ ಲೆಕ್ಕದ ಪುಸ್ತಕದಲ್ಲೂ ಅವಳ ಹೆಸರಿನ ಖಾತೆಯಿಲ್ಲ.

ಮೇ ತಿಂಗಳಲ್ಲಿ ಹಿಮ ಕರಗಿತೆಂದರೆ ತೇಲಿಕೆ, ಅಂದರೆ ದಿಮ್ಮಿಗಳನ್ನು ಹೊಳೆಯಲ್ಲಿ ತೇಲಿಸಿ ಗಿರಣಿಗೆ ಕಳಿಸುವುದು. ಸಣ್ಣ ಹಳ್ಳಗಳಿಗೆ ಮರದ ಒಡ್ಡು ಕಟ್ಟಿ ನೀರು ನಿಲ್ಲಿಸಿ, ತೂಬು ತೆಗೆದು ಒಮ್ಮೆಲೇ ದಿಮ್ಮಿಗಳನ್ನು ತಳ್ಳಬೇಕು. ನೀರಿನ ಬಲ ಇರುವುದು ಎರಡು ಮೂರು ವಾರ. ಅಷ್ಟರಲ್ಲಿ ಮುಗಿಯದಿದ್ದರೆ ದಿಮ್ಮಿ ಮುಂದಿನ ವರ್ಷದವರೆಗೆ ದಂಡೆಯಲ್ಲೇ ಬಿದ್ದು ಹುಳು ಹಿಡಿಯುತ್ತದೆ. ಬಂಡೆಗೆ ಒಂದು ದಿಮ್ಮಿ ಅಡ್ಡವಾದರೆ ಹಿಂದಿನವೆಲ್ಲ ಅದಕ್ಕೆ ಸಿಕ್ಕಿ ಗೋಡೆಯಾಗುತ್ತವೆ. ಆ ಒಂದು ದಿಮ್ಮಿಯನ್ನು ಗುರುತಿಸಿ ಕೊಕ್ಕೆಕೋಲಿನಿಂದ ಬಿಡಿಸುವವನು ಗೋಡೆ ಕುಸಿಯುವ ಮುನ್ನ ದಡ ಸೇರಬೇಕು. ಸೇರದವರೂ ಇದ್ದರು. ಪ್ರತಿ ದಿಮ್ಮಿಯ ಮೇಲೂ ಒಡೆಯನ ಗುರುತಿನ ಅಚ್ಚಿರುತ್ತಿತ್ತು. ಓಂಗರ್ಮಾನ್ ನದಿಯ ಸಾಂಡ್‌ಸ್ಲೋನ್‌ನಂಥ ಭಾರೀ ವಿಂಗಡಣೆ ಕಟ್ಟೆಗಳಲ್ಲಿ ನೂರಾರು ಜನ ಬೇಸಿಗೆಯಿಡೀ ಆ ಅಚ್ಚು ಓದಿ ಓದಿ ದಿಮ್ಮಿಗಳನ್ನು ಬೇರ್ಪಡಿಸುತ್ತಿದ್ದರು. ತೇಲಿಕೆಯ ಜಲಮಾರ್ಗಗಳ ಒಟ್ಟು ಉದ್ದ 30,000 ಕಿಲೋಮೀಟರ್ ಮೀರಿತ್ತು.

ಕೂಲಿಯ ಜಗಳಗಳಲ್ಲಿ ಮೊದಲು ಸ್ಫೋಟಗೊಂಡದ್ದು ಗಿರಣಿಗಳು. 1879ರ ಮೇ ತಿಂಗಳಲ್ಲಿ ಕೂಲಿ ಕಡಿತ ವಿರೋಧಿಸಿ ಸುಂಡ್ಸ್‌ವಾಲ್ ಸುತ್ತಲಿನ ಸುಮಾರು 5,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ಸರ್ಕಾರ ಸೈನ್ಯವನ್ನೂ ತೋಪುದೋಣಿಗಳನ್ನೂ ಕಳಿಸಿತು. 1931ರ ಮೇ 14ರಂದು ಓದಾಲೆನ್ ಕಣಿವೆಯಲ್ಲಿ ಮುಷ್ಕರ ಮುರಿಯಲು ತಂದ ಆಳುಗಳ ವಿರುದ್ಧ ಮೆರವಣಿಗೆ ಹೊರಟವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಐವರು ಸತ್ತರು. ಕಾಡಿನೊಳಗೆ ಮಾತ್ರ ಸಂಘಟನೆ ಕಷ್ಟವಿತ್ತು. ಗುಡಿಸಲಿಂದ ಗುಡಿಸಲಿಗೆ ಹತ್ತಾರು ಕಿಲೋಮೀಟರ್. ಕಾಡಾಳು ಮತ್ತು ತೇಲಿಕೆಯಾಳುಗಳ ಸಂಘ ಹುಟ್ಟಿದ್ದು 1918ರಲ್ಲಿ. ಅವರ ದೊಡ್ಡ ಕುಂದುಕೊರತೆ ಅಳತೆಯದ್ದು. ಕಂಪನಿಯ ಅಳತೆಗಾರ ಒಂದು ದಿಮ್ಮಿಯನ್ನು ದೋಷಯುಕ್ತ ಎಂದು ಬದಿಗಿಟ್ಟರೆ, ಕಡಿದು ಸುಲಿದು ಎಳೆದ ಶ್ರಮಕ್ಕೆ ಕಾಸಿಲ್ಲ.

1950ರ ಸುತ್ತೋಲೆ

ನೂರು ವರ್ಷ ಹೀಗೆ ದಪ್ಪ ಮರಗಳನ್ನೇ ಆಯ್ದು ಕಡಿದರೆ ಉಳಿಯುವುದೇನು? ಸೊಟ್ಟ, ಸಣಕಲು, ಮುದಿ ಮರಗಳು ವಿರಳವಾಗಿ ನಿಂತ ಕಾಡು. ಅದರ ಅಡಿಯಲ್ಲಿ ತಾನಾಗಿ ಸಸಿ ಏಳುತ್ತದೆಂದು ಅಧಿಕಾರಿಗಳು ನಂಬಿದ್ದರು, ಏಳಲಿಲ್ಲ. ತಣ್ಣನೆಯ ಉತ್ತರದಲ್ಲಿ ಎಲೆ, ಪಾಚಿ, ಬೇರು ಕೊಳೆಯದೆ ದಪ್ಪ ಪದರವಾಗಿ ಕೂರುತ್ತವೆ. ಬೀಜ ಮಣ್ಣು ಮುಟ್ಟುವುದೇ ಇಲ್ಲ. ಮೊದಲು ಈ ಪದರವನ್ನು ಸುಡುತ್ತಿದ್ದದ್ದು ಸಿಡಿಲಿನ ಬೆಂಕಿ. 19ನೇ ಶತಮಾನದ ಕೊನೆಯಿಂದ ಅದನ್ನೂ ಆರಿಸುತ್ತ ಬಂದರು. ಮಾಲೋ ವಲಯದ ಅರಣ್ಯಾಧಿಕಾರಿ ಜೋಯಲ್ ವ್ರೆಟ್‌ಲಿಂಡ್ ಕಡಿದ ಜಾಗವನ್ನು ನಿಯಂತ್ರಿತವಾಗಿ ಸುಟ್ಟು ಸಸಿ ಎಬ್ಬಿಸಿ ತೋರಿಸಿದ.

1950ರಲ್ಲಿ ಸರ್ಕಾರಿ ಅರಣ್ಯ ಸಂಸ್ಥೆ ಹೊರಡಿಸಿದ ಸುತ್ತೋಲೆ ಉತ್ತರದ ತನ್ನ ಕಾಡುಗಳಲ್ಲಿ ಆಯ್ದು ಕಡಿಯುವ ಪದ್ಧತಿಯನ್ನೇ ನಿಲ್ಲಿಸಿತು. ಇನ್ನು ಬೋಳು ಕಡಿತ, ನಂತರ ನೆಡುತೋಪು. ಹಳೆಯ ವಿರಳ ಕಾಡುಗಳಿಗೆ ಹಸಿರು ಸುಳ್ಳುಗಳು ಎಂಬ ಅಡ್ಡಹೆಸರು ಬಿತ್ತು. ಆ ನಿರ್ಧಾರಕ್ಕೆ ಕಾರಣಗಳಿದ್ದವು ಎನ್ನುವುದನ್ನು ಇಂದು ಬೋಳು ಕಡಿತವನ್ನು ವಿರೋಧಿಸುವವರೂ ಒಪ್ಪಬೇಕು. ತಪ್ಪಿದ್ದದ್ದು ಒಂದೇ ಮದ್ದನ್ನು ಎಲ್ಲ ನೆಲಕ್ಕೂ ಹಚ್ಚಿದ್ದರಲ್ಲಿ, ಮತ್ತು ಘನ ಮೀಟರ್ ಬಿಟ್ಟು ಬೇರೇನನ್ನೂ ಎಣಿಸದಿದ್ದದ್ದರಲ್ಲಿ.

ಕ್ರಮ ಹೀಗಿದೆ. ಕಡಿದ ಮೇಲೆ ಹರಗುವ ಯಂತ್ರ ನೆಲದ ಪದರವನ್ನು ಸಾಲುಸಾಲಾಗಿ ಕಿತ್ತು ಖನಿಜ ಮಣ್ಣನ್ನು ತೆರೆಯುತ್ತದೆ. ಹೆಕ್ಟೇರಿಗೆ ಸುಮಾರು 2,000ದಿಂದ 2,500 ಸಸಿ. ಮಣ್ಣು ತೆರೆಯುವುದಕ್ಕೆ ಇನ್ನೊಂದು ಕಾರಣ ಪೈನ್ ಮೂತಿಹುಳು. ಹಸಿ ಬೊಡ್ಡೆಯ ವಾಸನೆಗೆ ಬರುವ ಈ ಕೀಟ ಸಸಿಯ ತೊಗಟೆಯನ್ನು ಸುತ್ತಲೂ ಕಚ್ಚಿ ಕೊಲ್ಲುತ್ತದೆ, ಆದರೆ ಬರಿ ಮಣ್ಣನ್ನು ದಾಟಲು ಹಿಂಜರಿಯುತ್ತದೆ. ಈಗ ಸಸಿಯ ಕಾಂಡಕ್ಕೆ ಮೇಣವನ್ನೋ ಅಂಟುಮರಳನ್ನೋ ಲೇಪಿಸುತ್ತಾರೆ. ಸಸಿ ಎರಡು ಮೂರು ಮೀಟರ್ ಆದಾಗ ಒತ್ತಾದವನ್ನು ಸವರುವುದು, ಮುಂದೆ ಒಂದೆರಡು ಬಾರಿ ತೆಳುಗೊಳಿಸುವುದು, ಉತ್ತರದಲ್ಲಾದರೆ ನೂರು ವರ್ಷದ ಆಸುಪಾಸಿನಲ್ಲಿ ಅಂತಿಮ ಕಡಿತ. ಈ ಸರಣಿಯಲ್ಲಿ ಕಲ್ಲುಹೂವಿಗೆ ಎರಡು ಪೆಟ್ಟು. ಹರಗುವ ಯಂತ್ರ ಅದನ್ನು ಬುಡಸಮೇತ ಮಗುಚುತ್ತದೆ. ಆಮೇಲೆ ಒತ್ತಾಗಿ ಎದ್ದ ಎಳೆ ತೋಪಿನ ನೆರಳಿನಲ್ಲಿ ಪಾಚಿ ಬಂದು ಜಾಗ ಹಿಡಿಯುತ್ತದೆ. ಹರಗುವ ಯಂತ್ರದ ಇನ್ನೊಂದು ಅಪಾಯ 2014ರಲ್ಲಿ ಕಂಡಿತು. ಒಣ ಬೇಸಿಗೆಯಲ್ಲಿ ಕಲ್ಲಿಗೆ ತಾಗಿ ಹಾರಿದ ಕಿಡಿ ಮಧ್ಯ ಸ್ವೀಡನ್ನಿನ ವೆಸ್ಟ್‌ಮಾನ್‌ಲಾಂಡಿನಲ್ಲಿ ಸುಮಾರು 14,000 ಹೆಕ್ಟೇರ್ ಸುಟ್ಟಿತು.

ನೀರಿನಲ್ಲಿ ಬೇಗ ಮುಳುಗುವ ಬರ್ಚ್ ಮರ ತೇಲಿಕೆಯ ಕಾಲದಿಂದಲೂ ಕಂಪನಿಗಳಿಗೆ ಬೇಡವಾದದ್ದು. ನೆಡುತೋಪಿನಲ್ಲಿ ಅದು ಕಳೆಯಾಯಿತು. ವಿಮಾನದಿಂದ ಕಳೆನಾಶಕ ಸಿಂಪಡಿಸಿದರು. ಅದರಲ್ಲಿದ್ದ 2,4,5-ಟಿ ರಾಸಾಯನಿಕ ನಿಷೇಧವಾದದ್ದು 1977ರಲ್ಲಿ, ಹಣ್ಣು ಆಯುವವರೂ ಸಾಮಿಗಳೂ ಕಾಡಾಳುಗಳೂ ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ. ಅದೇ ಹೊತ್ತಿಗೆ ಉತ್ತರ ಅಮೆರಿಕದ ಕಾಂಟೋರ್ಟಾ ಪೈನ್ ತಂದು ನೆಟ್ಟರು. ಸ್ಥಳೀಯ ಪೈನ್‌ಗಿಂತ ಮೂರನೇ ಒಂದರಷ್ಟು ಹೆಚ್ಚು ವೇಗವಾಗಿ ಬೆಳೆಯುತ್ತದೆ, ಈಗ ಸುಮಾರು 5 ಲಕ್ಷ ಹೆಕ್ಟೇರಿನಲ್ಲಿದೆ, ಅಂದರೆ ಕೊಡಗು ಜಿಲ್ಲೆಗಿಂತ ದೊಡ್ಡ ತೋಪು. ಕಾಗದದ ಕುಂಡದಲ್ಲಿ ಬೆಳೆಸಿದ ಸಸಿಗಳ ಬೇರು ಸುರುಳಿ ಸುತ್ತಿಕೊಂಡು, ಮರ ಎತ್ತರವಾದಾಗ ಗಾಳಿಗೆ, ಹಿಮದ ಭಾರಕ್ಕೆ ಮಗುಚಿದವು. 1980ರ ದಶಕದ ಕೊನೆಯಲ್ಲಿ ಶಿಲೀಂಧ್ರ ರೋಗ ಬಂತು. ಕೊಂಬೆ ಎಷ್ಟು ಒತ್ತೊತ್ತೆಂದರೆ ಹಿಮಸಾರಂಗದ ಹಿಂಡು ಒಳಗೆ ನುಗ್ಗುವುದಿಲ್ಲ. ನುಗ್ಗಿದರೂ ತಿನ್ನಲು ಏನೂ ಇಲ್ಲ.

ಹೊಳೆಗಳ ಕತೆ ಇನ್ನೂ ಬೇಸರದ್ದು. 1950ರ ದಶಕದಲ್ಲಿ ಬುಲ್ಡೋಜರ್ ಮತ್ತು ಡೈನಮೈಟಿನಿಂದ ನದಿಪಾತ್ರದ ಬಂಡೆಗಳನ್ನು ತೆಗೆದು ತೇಲಿಕೆಗೆ ನೇರ ಕಾಲುವೆ ಮಾಡಿದರು. ಇಪ್ಪತ್ತು ವರ್ಷ ತುಂಬುವುದರೊಳಗೆ ಲಾರಿ ಬಂದು ಹೆಚ್ಚಿನ ಹೊಳೆಗಳಲ್ಲಿ ತೇಲಿಕೆಯೇ ನಿಂತಿತು. ಕೊನೆಯ ತೇಲಿಕೆ ಕ್ಲಾರ್ ನದಿಯಲ್ಲಿ, 1991ರಲ್ಲಿ. ಈಗ ವಿಂಡೆಲ್ ನದಿಯ ಉಪನದಿಗಳಲ್ಲಿ ಅದೇ ಬಂಡೆಗಳನ್ನು ಜೆಸಿಬಿಯಂಥ ಯಂತ್ರಗಳಿಂದ ಮರಳಿ ಇಡುತ್ತಿದ್ದಾರೆ, ಟ್ರೌಟ್ ಮತ್ತು ಸಾಲ್ಮನ್ ಮೊಟ್ಟೆಯಿಡಲು ಜಲ್ಲಿ ಹಾಸುತ್ತಿದ್ದಾರೆ. ಸಿಡಿಸಿ ಪುಡಿ ಮಾಡಿದ ಕಡೆ ಕಾಡಿನಿಂದ ಹೊಸ ಬಂಡೆ ತರಬೇಕಾಗಿದೆ.

ಯಂತ್ರ ಯಾರ ಕೆಲಸ ತೆಗೆದುಕೊಂಡಿತು

ಮಲೆನಾಡಿನ ತೋಟಗಳಲ್ಲಿ ಇಂದು ಪರಿಚಿತವಾದ ಹಸ್ಕ್‌ವರ್ನಾ ತನ್ನ ಮೊದಲ ಚೈನ್‌ಸಾ ಹೊರತಂದದ್ದು 1959ರಲ್ಲಿ. 1960ರ ದಶಕದ ಹೊತ್ತಿಗೆ ನೋರ್‌ಲಾಂಡಿನಲ್ಲಿ ಕೈಗರಗಸ ಮೂಲೆ ಸೇರಿತು. ಆಳು ತನ್ನ ದುಡ್ಡಿನಲ್ಲೇ ಯಂತ್ರ ಕೊಳ್ಳಬೇಕಿತ್ತು. ಕೂಲಿ ತುಂಡುಗುತ್ತಿಗೆ, ಎಷ್ಟು ಕಡಿದರೆ ಅಷ್ಟು. ಯಂತ್ರ ಬಂದ ಮೇಲೆ ಘನ ಮೀಟರಿನ ದರ ಇಳಿಯಿತು, ಆದ್ದರಿಂದ ಇನ್ನೂ ವೇಗವಾಗಿ ಕಡಿಯಬೇಕು. ಹಿಡಿಯ ನಡುಕ ಬೆರಳುಗಳ ರಕ್ತನಾಳ ಕೆಡಿಸುತ್ತದೆ. ಚಳಿಯಲ್ಲಿ ಬೆರಳು ಬಿಳಿಚಿ ಮರಗಟ್ಟುತ್ತದೆ, ಕೊನೆಗೆ ಅಂಗಿಯ ಗುಂಡಿ ಹಾಕಲೂ ಆಗುವುದಿಲ್ಲ. ಬಿಳಿಬೆರಳು ಎಂದೇ ಈ ಕಾಯಿಲೆಗೆ ಹೆಸರು. ಜೊತೆಗೆ ಕಿವುಡು, ಬೆನ್ನುನೋವು. ಹಿಡಿಗೆ ರಬ್ಬರ್ ತಡೆ ಹಾಕಿ ನಡುಕ ತಗ್ಗಿಸಿದ ಯಂತ್ರಗಳು ಬರುವ ಹೊತ್ತಿಗೆ ಒಂದು ತಲೆಮಾರಿನ ಕೈ ಹಾಳಾಗಿತ್ತು.

1975ರ ವಸಂತದಲ್ಲಿ ಸುಮಾರು 15,000 ಕಾಡಾಳುಗಳು ತಮ್ಮ ಸಂಘದ ಒಪ್ಪಿಗೆಗೂ ಕಾಯದೆ ಮುಷ್ಕರ ಹೂಡಿದರು. ಬೇಡಿಕೆ ಒಂದೇ, ತುಂಡುಗುತ್ತಿಗೆ ಹೋಗಿ ತಿಂಗಳ ಸಂಬಳ ಬರಲಿ. ಬಹುಪಾಲು ಗೆದ್ದರು. ಅವಸರ ತಗ್ಗಿತು, ಅಪಘಾತಗಳೂ ತಗ್ಗಿದವು. ಸ್ವೀಡನ್ನಿನ ಕಾರ್ಮಿಕ ಚರಿತ್ರೆಯಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕಿತ್ತು. ಆದರೆ ಸಂಬಳದ ಆಳು ದುಬಾರಿಯಾದ ಮೇಲೆ ಕಂಪನಿಗಳು ಯಂತ್ರದತ್ತ ಇನ್ನಷ್ಟು ವೇಗವಾಗಿ ಹೊರಳಿದವು.

1980ರ ದಶಕದಲ್ಲಿ ಬಂದ ಹಾರ್ವೆಸ್ಟರ್ ಯಂತ್ರದ ತೋಳಿನ ತುದಿಯ ತಲೆ ಮರವನ್ನು ಅಪ್ಪಿ, ಕೊಯ್ದು, ಮಲಗಿಸಿ, ಉರುಳೆಗಳ ನಡುವೆ ಎಳೆದು ಕೊಂಬೆ ಸವರುತ್ತದೆ. ಎಳೆಯುವಾಗಲೇ ಉದ್ದ, ದಪ್ಪ ಅಳೆಯುತ್ತದೆ. ಯಾವ ಅಳತೆಗೆ ತುಂಡರಿಸಿದರೆ ಹೆಚ್ಚು ಬೆಲೆ ಎಂಬುದನ್ನು ಗಿರಣಿಯ ದರಪಟ್ಟಿ ತುಂಬಿದ ಕಂಪ್ಯೂಟರ್ ಸೂಚಿಸುತ್ತದೆ. ಒಬ್ಬ ಚಾಲಕ ಒಂದು ಗಂಟೆಯಲ್ಲಿ ಹತ್ತಿಪ್ಪತ್ತು ಘನ ಮೀಟರ್ ಕಡಿಯುತ್ತಾನೆ. ಕೊಡಲಿ ಕಾಲದಲ್ಲಿ ಅದು ತಂಡಕ್ಕೆ ವಾರದ ಕೆಲಸ. ಆಮೇಲೆ ಕಂಪನಿಗಳು ಚಾಲಕರನ್ನೂ ಸಂಬಳದಿಂದ ಬಿಡಿಸಿ ಗುತ್ತಿಗೆದಾರರನ್ನಾಗಿಸಿದವು. ಕೋಟಿಗಟ್ಟಲೆ ರೂಪಾಯಿ ಬೆಲೆಯ ಯಂತ್ರದ ಸಾಲ ಈಗ ಚಾಲಕನ ತಲೆಯ ಮೇಲೆ. ಸಾಲ ತೀರಬೇಕಾದರೆ ಯಂತ್ರ ಎರಡು ಪಾಳಿ ಓಡಬೇಕು. ತಿಂಗಳ ಸಂಬಳದಿಂದ ದೂರವಾಗಿದ್ದ ತುಂಡುಗುತ್ತಿಗೆಯ ಅವಸರ ಬೇರೆ ಬಾಗಿಲಿನಿಂದ ಹಿಂತಿರುಗಿತು.

ಯಂತ್ರ ವರ್ಷವಿಡೀ ಓಡಬೇಕಾದ್ದರಿಂದ ನೆಲ ಹೆಪ್ಪುಗಟ್ಟದಿದ್ದರೂ ಕಾಡಿಗಿಳಿಯುತ್ತದೆ. ಒದ್ದೆ ನೆಲದಲ್ಲಿ ಚಕ್ರದ ಹಳ್ಳಗಳಲ್ಲಿ ನಿಂತ ನೀರಿನಿಂದ ಪಾದರಸದ ವಿಷಕಾರಿ ರೂಪ ತೊರೆಗೆ ಸೇರಿ ಮೀನಿಗೆ ಏರುತ್ತದೆ. ಲೇಸರ್ ಅಳತೆಯಿಂದ ಮಾಡಿದ ತೇವದ ನಕ್ಷೆ, ಚಕ್ರದಡಿಗೆ ಹಾಸುವ ಕೊಂಬೆಗಳು, ತೊರೆ ದಾಟಲು ಹೊತ್ತೊಯ್ಯುವ ಸೇತುವೆ, ಇವೆಲ್ಲ ಇವೆ. ಅವನ್ನು ಬಳಸಲು ಬೇಕಾದ ಸಮಯಕ್ಕೆ ಗುತ್ತಿಗೆಯ ದರದಲ್ಲಿ ಜಾಗವಿದೆಯೇ ಎಂಬುದೇ ಪ್ರಶ್ನೆ.

ಕೆಲಸ ಕಳೆದುಕೊಂಡವರು 1960ರ ದಶಕದಿಂದ ದಕ್ಷಿಣದ ಕಾರ್ಖಾನೆಗಳಿಗೆ ಹೊರಟರು. ಸರ್ಕಾರವೇ ಸ್ಥಳಾಂತರದ ಭತ್ಯೆ ಕೊಟ್ಟಿತು. ಉದ್ಯೋಗ ಮಂಡಳಿಯ ಸಂಕ್ಷಿಪ್ತ ಹೆಸರಿನ ಮೂರು ಅಕ್ಷರಗಳನ್ನು ಜನ ಬಿಡಿಸಿ ಓದಿದ್ದು ಎಲ್ಲರೂ ದಕ್ಷಿಣಕ್ಕೆ ಹೋಗಲೇಬೇಕು ಎಂದು. ಇಂದು ಸೋರ್ಸೆಲೆ ತಾಲ್ಲೂಕಿನ ವಿಸ್ತಾರ 7,000 ಚದರ ಕಿಲೋಮೀಟರಿಗೂ ಹೆಚ್ಚು, ಜನ ಎರಡೂವರೆ ಸಾವಿರದ ಆಸುಪಾಸು. ಕೈಯಿಂದಲೇ ಆಗಬೇಕಾದ ಕೆಲಸ ಇನ್ನೂ ಇದೆ. ಸಸಿ ನೆಡುವುದು, ಒತ್ತು ಸವರುವುದು. ಅದನ್ನು ಮಾಡುವವರಲ್ಲಿ ಪೂರ್ವ ಯುರೋಪಿನಿಂದ ಬರುವ ಋತುಮಾನದ ಕೂಲಿಗಳೇ ಹೆಚ್ಚು. ಕಾಡಿನ ಬೆರಿ ಹಣ್ಣು ಆಯಲು ಥಾಯ್ಲೆಂಡಿನಿಂದ ಸಾವಿರಾರು ಜನ ಸಾಲ ಮಾಡಿ ಬಂದದ್ದುಂಟು. ನೂರು ವರ್ಷದ ಹಿಂದಿನ ಗುಡಿಸಲಿನ ಪ್ರಶ್ನೆಗಳು, ವಸತಿ ಹೇಗಿದೆ, ತೂಕ ಯಾರು ಮಾಡುತ್ತಾರೆ, ಸಾಲ ಯಾರ ಕೈಯಲ್ಲಿದೆ ಎಂಬವು, ಈಗ ಇವರ ಬೆನ್ನು ಹತ್ತಿವೆ.

ಒಂದೇ ನೆಲ, ಎರಡು ಹಕ್ಕು

ಸ್ವೀಡನ್ನಿನ ಅರ್ಧದಷ್ಟು ನೆಲದಲ್ಲಿ 51 ಸಾಮಿ ಗ್ರಾಮಗಳಿಗೆ ಹಿಮಸಾರಂಗ ಮೇಯಿಸುವ ಹಕ್ಕಿದೆ. ಗ್ರಾಮ ಎಂದರೆ ಊರಲ್ಲ, ಗಡಿಯುಳ್ಳ ಮೇಯಿಸುವವರ ಸಂಘ. ಬೆಟ್ಟದಿಂದ ಕರಾವಳಿಯವರೆಗಿನ ಅದರ ಹಾದಿಯಲ್ಲಿ ಮರ ಕಂಪನಿಯದೋ ಸರ್ಕಾರದ್ದೋ ಖಾಸಗಿಯವರದೋ ಆಗಿರುತ್ತದೆ. ಮೇಯಿಸುವ ಹಕ್ಕು ಅನಾದಿ ರೂಢಿಯಿಂದ ಬಂದದ್ದು. 1886ರ ಕಾಯ್ದೆ ಅದನ್ನು ಬರೆದಿಟ್ಟಿತು. ಖಾಸಗಿ ಒಡೆಯರು ಚಳಿಗಾಲದ ಮೇವಿನ ಹಕ್ಕನ್ನು ಪ್ರಶ್ನಿಸಿದ್ದ ನೋರ್ಡ್‌ಮಾಲಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಸಾಮಿಗಳ ಪರ ತೀರ್ಪಿತ್ತಿತು. 2020ರ ಜನವರಿಯಲ್ಲಿ ಗಿರ್ಯಾಸ್ ಎಂಬ ಸಾಮಿ ಗ್ರಾಮದ ಪ್ರಕರಣದಲ್ಲಿ, ಅದರ ಪ್ರದೇಶದ ಸಣ್ಣ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿ ಕೊಡುವ ಅಧಿಕಾರ ಸರ್ಕಾರದ್ದಲ್ಲ, ಗ್ರಾಮದ್ದೇ ಎಂದಿತು. ಎರಡೂ ಕಡಿತದ ಬಗ್ಗೆ ಅಲ್ಲ. ಆದರೂ ರೂಢಿಯ ಹಕ್ಕಿಗೆ ಕೋರ್ಟಿನಲ್ಲಿ ಬೆಲೆಯಿದೆ ಎಂಬುದು ಕಂಪನಿಗಳಿಗೂ ಅರ್ಥವಾಯಿತು.

ಕಡಿತದ ಕಾನೂನು ಮಾತ್ರ ಸಡಿಲ. ಅರ್ಧ ಹೆಕ್ಟೇರಿಗಿಂತ ಹೆಚ್ಚು ಕಡಿಯುವುದಿದ್ದರೆ ಆರು ವಾರ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು, ಇಲಾಖೆ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಅರ್ಥ. 1993ರ ಅರಣ್ಯ ಕಾಯ್ದೆ ಉತ್ಪಾದನೆ ಮತ್ತು ಪರಿಸರ ಎರಡನ್ನೂ ಸಮನಾದ ಗುರಿ ಎಂದು ಸಾರಿ, ಒಡೆಯನಿಗೆ ಜವಾಬ್ದಾರಿಯುತ ಸ್ವಾತಂತ್ರ್ಯ ಕೊಟ್ಟಿತು. ಮೇಯಿಸುವವರೊಂದಿಗೆ ಸಮಾಲೋಚನೆಯನ್ನು ಅದು ಕಡ್ಡಾಯ ಮಾಡಿದ್ದು ವರ್ಷವಿಡೀ ಮೇಯುವ ಪ್ರದೇಶದಲ್ಲಿ. ಕಲ್ಲುಹೂವು ಬೇಕಾದ ಚಳಿಗಾಲದ ಕಾಡುಗಳಲ್ಲಿ ಸಮಾಲೋಚನೆ ನಡೆಯುವುದು ಮುಖ್ಯವಾಗಿ ಎಫ್‌ಎಸ್‌ಸಿ ಎಂಬ, ಕಾಡನ್ನು ಜವಾಬ್ದಾರಿಯಿಂದ ನಡೆಸುವವರಿಗೆ ಸಿಗುವ ಪ್ರಮಾಣಪತ್ರದ ಷರತ್ತಿನಿಂದ. ಅಂದರೆ ಅಲ್ಲಿ ಸಾಮಿಯ ಮಾತಿಗೆ ಬಲ ಬರುವುದು ಕಾಗದ ಕೊಳ್ಳುವ ದೂರದ ಗಿರಾಕಿಯಿಂದ.

ಸಮಾಲೋಚನೆ ಎಂದರೆ ಏನು? ಕಂಪನಿ ಗಣಕದಲ್ಲಿ ಹತ್ತಾರು ಕೂಪುಗಳ ಗಡಿ ಕಳಿಸುತ್ತದೆ. ಗ್ರಾಮದವರು ಒಂದೊಂದನ್ನೂ ನೋಡಿ, ಬೇಕಾದರೆ ಹಿಮವಾಹನದಲ್ಲಿ ಹೋಗಿ ಪರೀಕ್ಷಿಸಿ ಉತ್ತರಿಸಬೇಕು. ಒಂದೇ ಗ್ರಾಮಕ್ಕೆ ಹಲವು ಕಂಪನಿ, ನೂರಾರು ಖಾಸಗಿ ಒಡೆಯರು. ಕಂಪನಿಯ ಪರ ಕೂತವರಿಗೆ ಅದು ಸಂಬಳದ ಕೆಲಸ. ಸಾಮಿಗೆ ಅದು ಹಿಂಡು ಬಿಟ್ಟು ಬಂದ ದಿನ. 2000ದಲ್ಲಿ ವಿಲ್ಹೆಲ್ಮೀನಾ ಉತ್ತರ ಮತ್ತು ಮಾಲೋ ಗ್ರಾಮಗಳಲ್ಲಿ ಶುರುವಾದ ಹಿಮಸಾರಂಗ ಯೋಜನಾ ನಕ್ಷೆ ಇಲ್ಲಿ ದೊಡ್ಡ ಬದಲಾವಣೆ ತಂದಿತು. ಉಪಗ್ರಹ ಚಿತ್ರ, ನೆಲದ ಗಣತಿ, ಪ್ರಾಣಿಗಳ ಕೊರಳಪಟ್ಟಿಯ ಜಿಪಿಎಸ್ ಗುರುತು ಸೇರಿಸಿ ಯಾವ ಜಾಗ ಯಾವ ತಿಂಗಳಲ್ಲಿ ಏಕೆ ಮುಖ್ಯ ಎಂದು ಮೇಯಿಸುವವರೇ ಬರೆಯುತ್ತಾರೆ. ಮೊದಲು ಬಾಯಿಮಾತು ಎಂದು ತಳ್ಳಿಹಾಕುತ್ತಿದ್ದದ್ದು ಈಗ ಕಂಪನಿಯ ನಕ್ಷೆಯ ಮೇಲೆಯೇ ಕೂರುತ್ತದೆ. ಒಂದೊಂದೇ ಕೂಪು ನೋಡಿದಾಗ ಕಾಣದ ಒಟ್ಟು ನಷ್ಟವೂ ಅದರಲ್ಲಿ ಕಾಣುತ್ತದೆ. ಜಗಳದ ನಿಜವಾದ ತಿರುಳೂ ಅದೇ. ಪ್ರತಿ ಕಡಿತವೂ ಸಣ್ಣದು, ಆದರೆ ಹಿಂಡು ಬಳಸುವುದು ಇಡೀ ಹಾದಿಯನ್ನು.

ಹಾಗಾದರೆ ಬೋಳು ಕಡಿತ ನಿಲ್ಲಿಸಿದರೆ ಕಲ್ಲುಹೂವು ಮರಳುತ್ತದೆಯೇ? ಅಷ್ಟು ಸುಲಭವಿಲ್ಲ. ಬೆಂಕಿ ಆರಿಸಿದ್ದರಿಂದಲೂ ಕಾಡು ಒತ್ತಾಗಿ ಪಾಚಿ ಗೆದ್ದಿದೆ. ಬರಿಯ ಕಾಯುವಿಕೆಯಿಂದ ಅದು ತೆರೆಯುವುದಿಲ್ಲ. ಮರ ಆಯ್ದು ಕಡಿಯುವ ಪದ್ಧತಿ ನೆರಳು ಸಹಿಸುವ ಸ್ಪ್ರೂಸಿಗೆ ಒಗ್ಗುತ್ತದೆ. ಪೈನ್ ಸಸಿಗೆ ಬೆಳಕೂ ಬೇಕು, ದೊಡ್ಡ ಮರಗಳ ಬೇರಿನ ಪೈಪೋಟಿಯಿಲ್ಲದ ಜಾಗವೂ ಬೇಕು, ಆದ್ದರಿಂದ ಅಲ್ಲಿ ಸಣ್ಣ ಸಣ್ಣ ತೆರಪು ಬಿಡುವುದು, ಬೀಜದ ಮರಗಳನ್ನು ಉಳಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಒಣ ಕಲ್ಲುಹೂವಿನ ನೆಲದಲ್ಲಿ ಹರಗುವುದನ್ನು ಬಿಟ್ಟುಬಿಡುವುದು, ಅಥವಾ ಸಸಿಗಷ್ಟೇ ಅಂಗೈಯಗಲ ಮಣ್ಣು ತೆರೆಯುವುದು, ಕಡಿದ ಕೊಂಬೆಗಳನ್ನು ಮೇವಿನ ಮೇಲೆ ರಾಶಿ ಹಾಕದಿರುವುದು, ಒತ್ತು ತೋಪುಗಳನ್ನು ಬೇಗ ತೆಳುಗೊಳಿಸುವುದು ಕೂಡಲೇ ಮಾಡಬಹುದಾದವು. ಇವೆಲ್ಲಕ್ಕೂ ಯಂತ್ರಕ್ಕಿಂತ ಹೆಚ್ಚು ಬೇಕಾದದ್ದು ಕಾಡು ಬಲ್ಲ ಕೈಗಳು. ಹಳ್ಳಿಗಳಲ್ಲಿ ಕೆಲಸ ಬೇಕು ಎನ್ನುವ ವಾದ ಪ್ರಾಮಾಣಿಕವಾಗಿದ್ದರೆ ಅದು ಇತ್ತ ತಿರುಗಬೇಕು.

ಕಾದು ಕೂರಲು ಸಮಯವೂ ಇಲ್ಲ. 1970ರ ದಶಕದಲ್ಲಿ ನೆಟ್ಟ ಕಾಂಟೋರ್ಟಾ ತೋಪುಗಳು 60-70 ವರ್ಷಕ್ಕೆ ಕಡಿತಕ್ಕೆ ಬರುತ್ತವೆ. ಅಂದರೆ 2030ರ ದಶಕದಿಂದ ಆ 5 ಲಕ್ಷ ಹೆಕ್ಟೇರು ಒಂದೊಂದಾಗಿ ತೆರೆದುಕೊಳ್ಳುತ್ತದೆ. ಮತ್ತೆ ಕಾಂಟೋರ್ಟಾ ನೆಡಬೇಕೇ, ಸ್ಥಳೀಯ ಪೈನ್ ವಿರಳವಾಗಿ ಎಬ್ಬಿಸಬೇಕೇ, ಹಿಂಡು ಹಾಯುವ ಪಟ್ಟಿಗಳನ್ನು ಎಲ್ಲಿ ಬಿಡಬೇಕು ಎಂಬುದನ್ನು ಕಂಪನಿಗಳು ಕಡಿಯುವ ಮೊದಲೇ ಬರೆದಿಡಬೇಕು. ಆ ನೆಲದಲ್ಲಿ ಕಲ್ಲುಹೂವು ಮತ್ತೆ ಹಾಸಿಕೊಳ್ಳಲು ಶುರುವಾದರೂ ಹಿಂಡು ಮೇಯುವಷ್ಟು ದಪ್ಪವಾಗಲು ದಶಕಗಳು ಬೇಕು.